ಅವ್ವನ ಹಚ್ಚೆ ಅಳಿಸಿದ ಫೋನು

ಆ ಶನಿವಾರ ನಾನು ಮಾಡಿದ ಕೆಲಸ ಇಷ್ಟು. ನಸುಕಿನಲ್ಲಿ ನಳ ಬಂತು, ಕೊಡ, ಬಕೀಟು, ಡ್ರಮ್ಮು ಎಲ್ಲ ತುಂಬಿದೆ. ಅಂಗಳ ಕಸ ಹೊಡೆದು ನೀರು ಚೆಲ್ಲಿದೆ. ರೊಟ್ಟಿ ಬಡಿದೆ, ಹೀರೇಕಾಯಿ ಪಲ್ಯ ಮಾಡಿ ಯಜಮಾನರ ಡಬ್ಬಿ ಕಟ್ಟಿದೆ. ಅವರ ಅಂಗಿಗೆ ಗುಂಡಿ ಹಚ್ಚಿದೆ. ಗ್ಯಾಸ್ ಬುಕ್ ಮಾಡಿದೆ. ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಶಾಲೆಗೆ ರಜೆ ಹೇಳಿದೆ. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ಹತ್ತಿದೆ. ತಂಗಿಯ ಮನೆಯಿಂದ ನನ್ನ ಹಳೆಯ ಕ್ಯಾಮೆರಾ ತಗೊಂಡೆ. ಅಲ್ಲಿಂದ ಮಾನ್ವಿಗೆ ಹೋಗಿ, ಓಣಿಗೆಲ್ಲ ಕೇಳುವಂತೆ ತಮ್ಮನ ಜೊತೆ ಜಗಳ ತೆಗೆದೆ.

ಕೊನೆಯದೊಂದು ಬಿಟ್ಟರೆ ಉಳಿದದ್ದೆಲ್ಲ ನನಗೆ ಬರುವಂಥದ್ದೇ. ಜಗಳ ನನಗೆ ಬರುವುದಿಲ್ಲ. ಶಾಲೆಯಲ್ಲಿ ಹುಡುಗರು ಗದ್ದಲ ಮಾಡಿದರೂ ಸುಮ್ಮನೆ ನಿಂತು ನೋಡುವವಳು ನಾನು, ಅವರೇ ಸುಮ್ಮನಾಗುತ್ತಾರೆ. ಆ ದಿನ ಮಾತ್ರ ಆಗಲಿಲ್ಲ.

ಶುರುವಾದದ್ದು ಬುಧವಾರ. ತಮ್ಮ ಮಾನ್ವಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಅವ್ವನನ್ನೂ ಕರೆತಂದು, ಸಾಮಾನೆಲ್ಲ ಸಾಗಿಸಿ ಆಗಿತ್ತು, ಭಾನುವಾರ ನೆಂಟರಿಗೆ ಊಟ ಹಾಕಿ ಓಪನಿಂಗ್. ಸಂಜೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅವ್ವನ ಫೋಟೋ ಹಾಕಿ, ಗೇಟಿನ ಫ್ಲೆಕ್ಸಿಗೂ ಪಡಸಾಲೆಯ ದೊಡ್ಡ ಫ್ರೇಮಿಗೂ ಇದೇ ಅಂತ ಕೆಳಗೆ ಬರೆದ. ಒಬ್ಬರಾದ ಮೇಲೆ ಒಬ್ಬರು ಹೆಬ್ಬೆರಳು, ಹೂವು, ಕೈಮುಗಿದ ಗೊಂಬೆ ಕಳಿಸಿದರು. ನಾನು ಕಣ್ಣಿಗೆ ಚಾಳೀಸು ಹಾಕಿಕೊಂಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಸೀರೆ ಅವ್ವನದು, ಮೂಗುಬೊಟ್ಟು ಅವ್ವನದು. ಮುಖ ಅವ್ವನದಲ್ಲ. ಗೋಧಿ ಹಿಟ್ಟು ಬಳಿದ ಹಾಗೆ ಬೆಳ್ಳಗೆ, ನೆರಿಗೆ ಇಲ್ಲ, ಹಣೆ ತೊಳೆದಿಟ್ಟ ತಟ್ಟೆಯ ಹಾಗೆ ಸಾಫು.

ಅವ್ವನ ಹಣೆಯ ಮೇಲೆ ಹುಬ್ಬಿನ ನಡುವಿಂದ ಮೇಲಕ್ಕೆ ಒಂದು ಹಸಿರು ಗೆರೆ ಇದೆ, ಅದರ ಎಡಕ್ಕೂ ಬಲಕ್ಕೂ ಚುಕ್ಕಿಗಳು. ಗದ್ದದ ಮೇಲೆ ಇನ್ನಷ್ಟು ಚುಕ್ಕಿ. ಸಣ್ಣಾಕಿ ಇದ್ದಾಗ ಅವಳ ಅವ್ವ ಹಚ್ಚೆ ಹಾಕುವವಳನ್ನು ಕರೆದು, ಒಂದು ಮೊರ ಜೋಳ ಕೊಟ್ಟು, ಮಗಳ ತಲೆ ತನ್ನ ತೊಡೆಯ ಮೇಲೆ ಒತ್ತಿ ಹಿಡಿದು ಹಾಕಿಸಿದ್ದು. ಆ ಉರಿಯ ಕಥೆಯನ್ನು ಅವ್ವ ಈಗಲೂ ನಗುತ್ತಲೇ ಹೇಳುತ್ತಾಳೆ. ನಮ್ಮೂರು ಬಾಗಲವಾಡದ ಹೊಲಗಳಲ್ಲಿ ಬಗ್ಗಿ ಭತ್ತ ನಾಟಿ ನಮ್ಮ ಮೂವರನ್ನೂ ಓದಿಸಿದಳು. ಅವಳ ಮೈಮೇಲೆ ಬಂಗಾರ ಅಂತ ಇದ್ದದ್ದು ಆ ಮೂಗುಬೊಟ್ಟೊಂದೇ. "ಸತ್ತಾಗ ಅದನ್ನೂ ಬಿಚ್ಚಿಕೊಂತೀರಿ. ಹಚ್ಚಿ ಬಿಚ್ಚಿಕೊಳ್ಳಾಕ ನಿಮ್ಮಪ್ಪನ ಕೈಲೂ ಆಗಂಗಿಲ್ಲ," ಅನ್ನುತ್ತಿದ್ದಳು.

ಬಿಚ್ಚಿಕೊಂಡದ್ದು ಫೋನು.

ಕೂಡಲೇ ತಮ್ಮನಿಗೆ ಫೋನ್ ಹಚ್ಚಿದೆ. "ತಮ್ಮಾ, ಅವ್ವನ ಹಚ್ಚಿ ಎಲ್ಲಿ ಹೋತು?"

"ಫೋನ್ ತಾನಾ ಹಂಗ ಮಾಡತದಕ್ಕಾ. ಮಾರಿಮ್ಯಾಗ ಕಲೆ ಗಿಲೆ ಇದ್ರ ಅಳಿಸಿಬಿಡತದ. ಮಸ್ತ್ ಬಂದದಲ್ಲ?"

"ಅವ್ವನ ಹಚ್ಚಿ ಕಲೆ ಏನಲೇ?"

"ನಾ ಅಂದಿಲ್ಲ, ಫೋನ್ ಅಂದದ. ನಿನಗ ಬ್ಯಾರೆ ಬೇಕಂದ್ರ ಶನಿವಾರ ಸಂಜಿತನಕ ತಂದುಕೊಡು. ಆಮ್ಯಾಲೆ ಅಂಗಡಿಯಾಂವ ಫ್ರೇಮ್ ಹಾಕಿಬಿಡತಾನ."

ಬೇರೆಯದು ನನ್ನ ಹತ್ತಿರ ಇರಲಾರದೇ ಅಂತ ನನ್ನ ಫೋನು ತಡಕಿದೆ. ಅವ್ವ ರೊಟ್ಟಿ ಬಡಿಯುವುದು, ದವಾಖಾನೆಯ ಬೆಂಚಿನಲ್ಲಿ ಕುಳಿತದ್ದು, ಮೊಮ್ಮಗಳ ತಲೆ ಬಾಚುವುದು, ಬೇಕಾದಷ್ಟಿದ್ದವು. ಒಂದರಲ್ಲೂ ಹಚ್ಚೆ ಪೂರ್ತಿ ಇಲ್ಲ. ಸ್ಲೇಟಿನ ಮೇಲಿನ ಅಕ್ಷರವನ್ನು ಒದ್ದೆ ಬೆರಳಿನಿಂದ ತಿಕ್ಕಿದ ಹಾಗೆ ಇದೆ. ಇಷ್ಟು ವರ್ಷ ಅವ್ವನನ್ನು ಜೋಪಾನ ಮಾಡಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ, ಈ ಫೋನು ಒಳಗೇ ಕುಳಿತು ಅವಳನ್ನು ಒರೆಸುತ್ತಿತ್ತು. ಸಿಟ್ಟಿಗೆ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಕುಕ್ಕಿದೆ. "ಅದೇನ್ ಮಾಡೀತು, ಪಾಪ," ಅಂದರು ಯಜಮಾನರು. ಪಾಪ ಅಂತೆ.

ಫೋನನ್ನು ಬೈಯುವುದು ನನ್ನ ಉದ್ದೇಶವಲ್ಲ ಅಂತ ಇಲ್ಲಿ ಬರೆಯಬಹುದಿತ್ತು. ಬೈಯುವುದೇ ಉದ್ದೇಶ. ಆದರೂ ಅದರ ಪಾಲಿನದು ಅದಕ್ಕೆ ಕೊಡಬೇಕು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ, ಮಬ್ಬು ದೀಪದಲ್ಲಿ ಹುಡುಗಿಯರು ಕುಣಿಯುವಾಗ ನನ್ನ ಕ್ಯಾಮೆರಾಕ್ಕೆ ದೆವ್ವಗಳಷ್ಟೇ ಸಿಗುತ್ತಿದ್ದವು, ಫೋನಿನಲ್ಲಿ ಗೆಜ್ಜೆ ಕೂಡ ಕಾಣುತ್ತದೆ. ಪಾಸ್‌ಬುಕ್ಕು, ಬೋರ್ಡಿನ ಮೇಲಿನ ಲೆಕ್ಕ, ಬಸ್ಸಿನ ಟೈಮು, ಯಾವುದು ಬೇಕಾದರೂ ಸೆರಗಿನ ಮರೆಯಿಂದ ಫೋನು ತೆಗೆದು ಹೊಡೆದರೆ ಮುಗಿಯಿತು. ಕ್ಯಾಮೆರಾಕ್ಕೆ ಚಾರ್ಜರು ಬೇರೆ, ಕಾರ್ಡು ಬೇರೆ, ಅದನ್ನು ಹೊತ್ತು ತಿರುಗುವ ಚೀಲ ಬೇರೆ. ಅದಕ್ಕೇ ಅದನ್ನು ತಂಗಿಗೆ ಕೊಟ್ಟು ಮರೆತಿದ್ದೆ. ಅದರಲ್ಲಿ ತೆಗೆದ ಹಳೆಯ ಫೋಟೋಗಳು ಮನೆಯ ಕಂಪ್ಯೂಟರು ಕೆಟ್ಟಾಗಲೇ ಹೋಗಿದ್ದವು. ಆದರೆ ಹಾಲಿನಂಥ ಬೆಳಕಿನಲ್ಲಿ, ಕಣ್ಣೆದುರು ಕುಳಿತವಳ ಮುಖದ ಮೇಲಿನದ್ದು ಬೇಕೋ ಬೇಡವೋ ಅಂತ ಕ್ಯಾಮೆರಾ ಎಂದೂ ತೀರ್ಮಾನ ಮಾಡಿದ್ದಿಲ್ಲ. ಈ ಅಧಿಕಾರ ಫೋನಿಗೆ ಕೊಟ್ಟವರು ಯಾರು? ಅವ್ವನನ್ನು ಒಂದು ಮಾತು ಕೇಳಿದರೇ?

ದೇವದುರ್ಗದಲ್ಲಿ ತಂಗಿ ಡ್ಯೂಟಿ ಮುಗಿಸಿ ಬಂದಿದ್ದಳು, ಅವಳು ಅಲ್ಲಿನ ಒಂದು ದವಾಖಾನೆಯಲ್ಲಿ ನರ್ಸು. ಅಲಮಾರಿಯ ತಳದಲ್ಲಿ, ರೇಷ್ಮೆ ಸೀರೆಗಳ ಅಡಿಯಿಂದ ಕ್ಯಾಮೆರಾ ಹೊರಬಂತು. ಬ್ಯಾಟರಿ ಸತ್ತಿತ್ತು. ಪುಣ್ಯಕ್ಕೆ ಚಾರ್ಜರು ಅದರ ಜೊತೆಗೇ ಇತ್ತು, ಚಾರ್ಜಿಗೆ ಹಾಕಿದೆ.

"ಇದನ್ನ ಹಿಡಕೊಂಡು ಬಸ್ಸಿನಾಗ ಹೋಗಬ್ಯಾಡಕ್ಕಾ, ಪ್ರೆಸ್ಸಿನಾಕಿ ಬಂದಾಳ ಅಂತ ಕಂಡಕ್ಟರ್ ಟಿಕೀಟನಾ ಕೇಳಂಗಿಲ್ಲ," ಅಂತ ನಕ್ಕಳು.

"ನಗಬ್ಯಾಡ. ನಿನಗ ಆ ಫೋಟೋ ನೋಡಿ ಏನೂ ಅನಿಸಲಿಲ್ಲೇನು?"

"ಖರೇ ಹೇಳಲಿ? ನನಗ ಫೋನಿನಾಗಿನ ಮಾರಿನಾ ಬೇಕು. ಕಣ್ಣಿನ ಕೆಳಗಿನ ಕರಿ ಹೋಗತದ, ನೈಟ್ ಡ್ಯೂಟಿ ಮಾಡಿದ್ದು ಗೊತ್ತಾ ಆಗಂಗಿಲ್ಲ. ಬ್ಯಾಡನ್ನಲೇನು?"

"ನಿನ್ನ ಮಾರಿ ನೀ ಏನರ ಮಾಡಿಕೋ. ನಿನಗ ಬೇಕಾಗಿ ಮಾಡಿಕೊಂತಿ. ಅವ್ವ ಬ್ಯಾಡ ಅಂದಿದ್ದಳೇನು ತನ್ನ ಹಚ್ಚಿ?"

ತಂಗಿ, "ಜಲ್ದಿ ಊಟ ಮಾಡು, ಮಾನ್ವಿ ಬಸ್ ಹೋದೀತು," ಅಂತ ತಾಟು ಮುಂದಿಟ್ಟಳು.

ಮಾನ್ವಿಯಲ್ಲಿ ಇಳಿದು ಆಟೋದಲ್ಲಿ ಓಣಿ ಮುಟ್ಟಿದಾಗ ಫ್ಲೆಕ್ಸು ಆಗಲೇ ಗೇಟಿನ ಮೇಲೆ ಏರಿತ್ತು. ಅದರಲ್ಲಿ ಅವ್ವನ ಸೀರೆ ಉಟ್ಟ ಯಾವಳೋ ಬಿಳಿ ಹೆಂಗಸು ನಗುತ್ತಿದ್ದಳು. ಮೇಲಾಗಿ ಅವಳ ಹಣೆಗೆ ಕಾಸಗಲ ಕೆಂಪು ಕುಂಕುಮ. ಅಪ್ಪ ಹೋದ ಮೇಲೆ ಅವ್ವ ಕುಂಕುಮ ಇಟ್ಟವಳಲ್ಲ. ಫೋನು ಅಳಿಸಿ ಖಾಲಿ ಮಾಡಿದ ಜಾಗಕ್ಕೆ ಅಂಗಡಿಯವನು ತನ್ನ ಮನಸ್ಸಿಗೆ ಬಂದದ್ದು ತುಂಬಿದ್ದ.

ಅವ್ವ ಮನೆಯ ಒಳಗಿರಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಕಾಲು ನೀಡಿ ಕುಳಿತಿದ್ದಳು. ತಮ್ಮ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದ.

"ಯವ್ವಾ, ಎದ್ದು ಒಳಗ ಬಾ. ಮಂದಿ ನೋಡಾಕತ್ತಾರ."

"ಮೊದಲು ಅದನ್ನ ಹೇಳು. ಯಾರಲೇ ಆಕಿ? ನಿನ್ನ ಹೆಂಡ್ತಿ ಕಡೆಯಾಕಿ ಏನು?"

"ನೀನಾ ಬೇ!"

"ಅದು ನಾನಾದ್ರ, ಇಲ್ಲಿ ಕುಂತಾಕಿ ಯಾರು? ಆಕಿನ್ನ ಗೇಟಿಗೆ ನಿಂದ್ರಿಸೀದಿ, ಆಕಿನ್ನಾ ಒಳಗ ಕರಕೊಂಡು ಹೋಗಿ ಉಣಸು. ಆಕಿ ಅಲ್ಲಿ ಇರೂತನಕ ನಾ ಹೊಸ್ತಿಲ ದಾಟಂಗಿಲ್ಲ."

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವೋ ಅಳುವೋ ತಿಳಿಯಲಿಲ್ಲ. ನನ್ನನ್ನು ಕಂಡದ್ದೇ ತಮ್ಮ, "ಬಾರಕ್ಕಾ, ನೀನರ ಹೇಳು ಈಕಿಗೆ," ಅಂದ.

"ನಾ ನಿನಗ ಹೇಳಾಕ ಬಂದೀನಿ," ಅಂದೆ. "ತಗಿ ನಿನ್ನ ಫೋನು. ನನ್ನ ಮುಂದ ಹೊಡಿ."

ಅವನು ತೆಗೆದ. ಚಂದ ಮಾಡುವ ಗುಂಡಿ ಏನೇನಿದೆಯೋ ಎಲ್ಲ ನಾನೇ ನಿಂತು ಬಂದ್ ಮಾಡಿಸಿದೆ. ಪರದೆಯ ಮೇಲೆ ಅವ್ವ ಅವ್ವನ ಹಾಗೇ ಕಂಡಳು, ಹಸಿರು ಗೆರೆ, ಚುಕ್ಕಿ, ಎಲ್ಲ. ಗುಂಡಿ ಒತ್ತಿದ. ಫೋಟೋ ತೆರೆದ. ಒಂದು ಕ್ಷಣ ಹಚ್ಚೆ ಇತ್ತು. ಆಮೇಲೆ ಮೂಲೆಯಲ್ಲಿ ಪುಟ್ಟ ಚಕ್ರವೊಂದು ತಿರುಗಿತು, ತಿರುಗಿ ನಿಂತಿತು. ನಮ್ಮಿಬ್ಬರ ಕಣ್ಣೆದುರಿಗೇ ಗೆರೆ ಮಸುಕಾಯಿತು, ಗದ್ದದ ಚುಕ್ಕಿಗಳು ಹೋದವು, ಚರ್ಮ ತಿಳಿಯಾಯಿತು. ಕಳ್ಳತನ ಅನ್ನುವುದು ಇಷ್ಟು ಮೆತ್ತಗೆ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

"ನೋಡಿದೇನು? ನಾ ಮಾಡಿದ್ದಲ್ಲ," ಅಂದ.

"ಅಳಿಸಿದ್ದು ಫೋನು, ಒಪ್ಪಿದೆ. ಗೇಟಿಗೆ ಕಟ್ಟಿದಾಂವ ಯಾರು? ಕುಂಕುಮ ನೋಡಿನೂ ಸುಮ್ಮನಿದ್ದಾಂವ ಯಾರು?"

ಅವನ ದನಿ ಇಳಿಯಿತು. ಓಣಿಯ ಆಚೆ ಈಚೆ ನೋಡಿದ. "ಅಕ್ಕಾ, ಇಲ್ಲಿ ಸುತ್ತಮುತ್ತ ಎಂಥೆಂಥಾ ಮಂದಿ ಅದಾರ, ನೋಡು. ಮಿಲ್ಲಿನ ಮಾಲಕರದಾರ. ನಾಳಿ ಆಫೀಸಿನವ್ರು ಬರತಾರ. ಗೇಟಿನಾಗಾ ಹಣಿತುಂಬ ಹಚ್ಚಿ ಕಂಡ್ರ... ಕೂಲಿಯವ್ರು ಅಂತ ಕೇಳದಾ ತಿಳಕೊಂತಾರ. ಫೋನ್ ತಾನಾ ಅಳಿಸಿತ್ತು, ನಾ ಸುಮ್ಮನಿದ್ದೆ. ಇಷ್ಟಾ."

ಇಷ್ಟೇ ಅಂತೆ. ನಾವು ಜಾತಿಯ ಹಂಗು ಹರಿದು ಬೌದ್ಧರಾಗಿ ಎಷ್ಟು ವರ್ಷವಾಯಿತು. ಯಾರ ಮುಂದೆಯೂ ತಲೆ ತಗ್ಗಿಸಬಾರದು ಅಂತ ಸಭೆಗಳಲ್ಲಿ ಮೈಕು ಹಿಡಿದು ಮಾತಾಡುವವನು ಇವನೇ. ಏನೇನು ಅಂದೆನೋ ಎಲ್ಲ ನೆನಪಿಲ್ಲ. "ಕೂಲಿಯವ್ರ ಮನಿಯಾಗ ಹುಟ್ಟಿ ಕೂಲಿಯವ್ರ ಅನ್ನ ಉಂಡು ಬೆಳದಿ. ಆ ಮುಖ ನಾಚಿಕಿ ಅನಿಸಿದ್ರ ಫ್ಲೆಕ್ಸಿನಾಗ ನಿಂದು ಹಾಕಿಕೊ, ಅವ್ವನ ಹೆಸರಾ ತರಬ್ಯಾಡ," ಅಂದದ್ದು ನೆನಪಿದೆ. ಎದುರು ಮನೆಯ ಕಿಟಕಿ ತೆರೆಯಿತು. ಮಿಲ್ಲಿನ ಮಾಲಕರ ಮನೆಯದೂ ತೆರೆಯಿತು. ನಾನು ದನಿ ಇಳಿಸಲಿಲ್ಲ.

ಅವ್ವನೇ ತಡೆದಳು. "ಸಾಕು ಮಾಡ್ರಿ. ಹೊತ್ತು ಮುಳಗತದ. ಆ ಡಬ್ಬಿ ಯಾಕ ತಂದೀದಿ, ಹೊಡಿಯೂದಿದ್ರ ಹೊಡಿ."

ಕ್ಯಾಮೆರಾ ತೆಗೆದೆ. ಲೆನ್ಸು ಗೊರಗುಡುತ್ತ ಹೊರಗೆ ಬಂತು. ಅವ್ವ ಅನುಮಾನದಿಂದ ನೋಡಿದಳು. "ಇದೂ ಅಳಸತದೇನು?"

"ಇಲ್ಲ ಯವ್ವಾ. ಇದಕ್ಕ ಅಷ್ಟು ಬುದ್ಧಿ ಇಲ್ಲ."

"ಹಂಗಾರ ಚಲೋ," ಅಂತ ಸೆರಗು ಹಿಂದೆ ಸರಿಸಿ ಹಣೆ ಪೂರ್ತಿ ಬಿಟ್ಟಳು.

ಮೊದಲನೆಯದು ಅಲುಗಿತು. ಎರಡನೆಯದರಲ್ಲಿ ಅವ್ವ ಕಣ್ಣು ಮುಚ್ಚಿದಳು. ಉಸಿರು ಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಂಡು ಇನ್ನೊಂದು ತೆಗೆದೆ. ಸಣ್ಣ ಪರದೆಯಲ್ಲಿ ನೋಡಿದರೆ ಬಿಸಿಲು ಓರೆಯಾಗಿ ಬಿದ್ದು ನೆರಿಗೆಗಳು ನೆರಿಗೆಗಳ ಹಾಗೇ ಬಂದಿದ್ದವು, ಬಣ್ಣ ಅವ್ವನ ಬಣ್ಣವೇ. ಹಚ್ಚೆ ಇದ್ದಲ್ಲೇ ಇತ್ತು. ಗೆರೆಯ ತುದಿಯಲ್ಲಿ, ಹಚ್ಚೆ ಹಾಕಿಸಿದ ದಿನ ಅವಳು ತಲೆ ಕೊಡವಿದ್ದಕ್ಕೆ ಸೂಜಿ ಜಾರಿದ ಸೊಟ್ಟ ಕೂಡ ಕಂಡಿತು.

ತಮ್ಮನ ಬೈಕಿನ ಹಿಂದೆ ಕುಳಿತು ಅಂಗಡಿಗೆ ಹೋದೆ. ಫ್ಲೆಕ್ಸು ಮಾಡಿದ ಅಂಗಡಿಯೇ ಫ್ರೇಮೂ ಮಾಡುತ್ತದೆ. ಕಾರ್ಡು ಹಾಕಿ ಫೋಟೋ ತೆರೆದವನೇ ಅಂಗಡಿಯವನು, "ಫಸ್ಟ್ ಕ್ಲಾಸ್ ಅದರಿ ಅಕ್ಕಾರ. ಜರಾ ಕ್ಲೀನ್ ಮಾಡಿ ಕೊಡತೀನಿ," ಅಂತ ಮೌಸ್ ಹಿಡಿದ.

"ಕೈ ತಗೀರಿ," ಅಂದೆ. "ಒಂದು ಚುಕ್ಕಿ ಹೋದ್ರೂ ನಾ ಇಲ್ಲಿಂದ ಏಳಂಗಿಲ್ಲ. ಆ ಕುಂಕುಮ ಇಟ್ಟವ್ರು ನೀವಾ ಏನ್ರಿ?"

"ಹಣಿ ಖಾಲಿ ಕಾಣಸ್ತಿತ್ರಿ, ಮುತ್ತೈದಿ ಇರಬೇಕು ಅಂತ..."

"ಕೇಳಬೇಕಿತ್ತಿಲ್ಲ? ಬಾಯಿಲ್ಲೇನು ಯಾರಿಗೂ?"

ಅವನು ತಮ್ಮನ ಮುಖ ನೋಡಿದ. ತಮ್ಮ ಹೊರಗಿನ ರಸ್ತೆ ನೋಡಿದ. ಪ್ರಿಂಟು ಬರುವತನಕ ನಾನು ಆ ಸ್ಟೂಲಿನ ಮೇಲೇ ಕುಳಿತೆ. ಗಾಜು ಕೂರಿಸಿ ಮೊಳೆ ಹೊಡೆಯುವವರೆಗೂ ಫ್ರೇಮಿನಿಂದ ಕಣ್ಣು ತೆಗೆಯಲಿಲ್ಲ.

ಮರಳಿ ಬಂದಾಗ ದೀಪ ಹಚ್ಚುವ ಹೊತ್ತು. ಅವ್ವ ಕಟ್ಟೆಯ ಮೇಲೇ ಇದ್ದಳು. ತಮ್ಮನ ಹೆಂಡತಿ ಕೊಟ್ಟ ಚಹ ಅಲ್ಲೇ ಕುಡಿದಿದ್ದಳು, ಎದ್ದಿರಲಿಲ್ಲ. ತಮ್ಮ ಬೈಕು ನಿಲ್ಲಿಸಿದ. ಆಮೇಲೆ ಒಳಗಿಂದ ಸ್ಟೂಲು ತಂದು, ಈಳಿಗೆಮಣೆ ತಂದು, ಅದು ಆಗದೆ ಚಾಕು ತಂದು, ಗೇಟಿನ ಹಗ್ಗ ಒಂದೊಂದೇ ಕೊಯ್ದ. ಫ್ಲೆಕ್ಸು ಸರ್ರನೆ ಜಾರಿ ಅವನ ತಲೆಯ ಮೇಲೆಯೇ ಬಿತ್ತು. ಯಾರೂ ನಗಲಿಲ್ಲ. ಅವ್ವ ಮಾತ್ರ, "ಸವಕಾಶ ಇಳಿಯಲೇ," ಅಂದಳು, ಮಂಡಿ ಹಿಡಿದು ಎದ್ದು ಹೊಸ್ತಿಲು ದಾಟಿದಳು.

ತಮ್ಮ ಫ್ರೇಮನ್ನು ಒಳಗಿನ ಕೋಣೆಗೆ ಒಯ್ಯಹೊರಟಿದ್ದ. "ಅಲ್ಲಲ್ಲ. ಬಾಗಲಾ ತಗದ್ರ ಕಾಣಂಗ ಹಾಕು," ಅಂದಳು ಅವ್ವ. ಪಡಸಾಲೆಯಲ್ಲಿ ಹಾಕಿದ. ನಾನು ನಿಂತು ನೋಡಿದೆ, ಸಹಾಯಕ್ಕೆ ಕೈ ಹಚ್ಚಲಿಲ್ಲ. ಮರುದಿನದ ಅಡುಗೆಯ ಅಕ್ಕಿ ಚೀಲಗಳ ಅಡಿಗೆ ಹಾಸಲು ತಮ್ಮನ ಹೆಂಡತಿ ಆ ಫ್ಲೆಕ್ಸು ಬಿಡಿಸಿದಾಗ ಅವ್ವ ಹೇಳಿದಳು, "ಮಾರಿ ಕೆಳಗ ಮಾಡಿ ಹಾಸವ್ವಾ. ಯಾರರ ತುಳದಾರು ಆಕಿನ್ನ."

ನಾಳೆ ಆಫೀಸಿನವರ ಮುಂದೆ ಅವನು ಏನು ಹೇಳುತ್ತಾನೋ, ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾನೋ, ನನಗೆ ಗೊತ್ತಿರಲಿಲ್ಲ. "ಅಕ್ಕಾ, ಸಿಟ್ಟು ಬಿಡು," ಅಂತ ಒಮ್ಮೆ ಅಂದ. ಬಿಡಲಿಲ್ಲ.

ರಾತ್ರಿ ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಉಂಡೆವು. ತಮ್ಮ ಪಲ್ಲೆಗೆ ಎಣ್ಣೆ ಕೇಳಲಿಲ್ಲ, ಎಣ್ಣೆಯ ಗಿಂಡಿ ನನ್ನ ಪಕ್ಕದಲ್ಲಿತ್ತು, ನಾನು ಸರಿಸಲೂ ಇಲ್ಲ. ಅವ್ವ ಎರಡು ರೊಟ್ಟಿ ಉಂಡು, ಮಜ್ಜಿಗೆ ಕುಡಿದು, ಪಡಸಾಲೆಯಲ್ಲೇ ಚಾಪೆ ಹಾಸಿಕೊಂಡು ಎಲ್ಲರಿಗಿಂತ ಮೊದಲು ಮಲಗಿದಳು. ಆಮೇಲೆ ತಮ್ಮನ ಹೆಂಡತಿ. ನಾನೂ ತಮ್ಮನೂ ಒಬ್ಬರಿಗೊಬ್ಬರು ಬೆನ್ನು ಮಾಡಿ, ಇಬ್ಬರೂ ಎಚ್ಚರವಿದ್ದೆವು.