ಬೆಲೆ ಹೇಳುವ ಭಯ

ನನಗೆ ಹಲ್ಲಿ, ಗುಡುಗು, ನಾದಿನಿ ಯಾವುದಕ್ಕೂ ಭಯವಿಲ್ಲ. ಎದುರು ನಿಂತವರಿಗೆ ಬೆಲೆ ಹೇಳಬೇಕೆಂದರೆ ಮಾತ್ರ ಬಾಯಿ ಒಣಗುತ್ತದೆ.

ಬೆಂಗಳೂರಿನ ನಮ್ಮ ಉಲ್ಲಾಳದ ಕಡೆ 'ಮನೆ ಬಾಡಿಗೆಗಿದೆ' ಎಂದು ಬೋರ್ಡು ಹಾಕುವವರು ಎಷ್ಟೆಂದು ಬರೆಯುವುದಿಲ್ಲ. ಬಂದವರನ್ನು ಕೂರಿಸಿ, ಊರು ಕೆಲಸ ಎಲ್ಲ ವಿಚಾರಿಸಿ, ಕಾಫಿ ಕೊಟ್ಟು, ಮುಖ ನೋಡಿ ಹೇಳುವುದು ಪದ್ಧತಿ. ಮಹಡಿ ಮನೆ ಖಾಲಿಯಾದಾಗ ನಮ್ಮ ಯಜಮಾನರು ಅದನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡೋಣವೆಂದು ಆ್ಯಪಿಗೆ ಹಾಕಿದರು. ಆ್ಯಪು ಕಾಫಿಗೆ ಕಾಯುವುದಿಲ್ಲ, ಮೊದಲೇ ಬೆಲೆ ಬರೆಯಿರಿ ಎನ್ನುತ್ತದೆ. ಇವರು ಹೆದರಿ ಸಣ್ಣದೊಂದು ಮೊತ್ತ ಬರೆದರು.

"ಕ್ಲೀನಿಂಗು, ಗೀಸರು, ಎಕ್ಸ್‌ಟ್ರಾ ಹಾಸಿಗೆ ಎಲ್ಲ ಬೇರೆ. ಬಂದ್ಮೇಲೆ ಹೇಳಿದ್ರಾಯ್ತು ಕಣೇ."

"ಯಾರು ಹೇಳೋದು?"

"ನೀನೇ. ನಂಗೆ ದಾಕ್ಷಿಣ್ಯ ಜಾಸ್ತಿ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಗೇಟಿನ ಚಿಲಕ ಸದ್ದಾದರೆ ಸಾಕು, ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಬಂದವರು ಬೈದರೆ? ಸಂಜೆ ಹೊತ್ತಲ್ಲಿ ಸಾಮಾನು ಎತ್ತಿಕೊಂಡು ಹೊರಟುಬಿಟ್ಟರೆ? ಊರಿಗೆಲ್ಲ ಕಾಣುವಂತೆ 'ಇಲ್ಲಿ ಮೋಸ' ಎಂದು ಬರೆದರೆ? ಹಿಂದಿನವರು ದಾರಿಹೋಕರಿಗೆ ಛತ್ರ ಕಟ್ಟಿಸಿದ್ದು ಪುಣ್ಯಕ್ಕೆ ಎನ್ನುತ್ತಾರೆ. ನನಗೇನೋ ಅವರ ಮನೆಯಲ್ಲೂ ಬೆಲೆ ಹೇಳಲು ಹೆದರುವವಳು ಒಬ್ಬಳಿದ್ದಳು ಎಂದೇ ಅನುಮಾನ.

ಕೊನೆಗೂ ಒಂದು ಜೋಡಿ ಬಂತು. ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ. ಮಗಳು ಪದವಿ ತಗೊಳ್ಳುವುದನ್ನು ನೋಡಿ, ಎರಡು ದಿನ ಬೆಂಗಳೂರು ಸುತ್ತಿ ಹೋಗುವ ಆಸೆ. ಯಜಮಾನರು ಗಿಡಕ್ಕೆ ನೀರು ಹಾಕಬೇಕೆಂದು ಟೆರೇಸಿಗೆ ಓಡಿದರು. ಗಿಡಗಳಿಗೆ ಬೆಳಿಗ್ಗೆಯೇ ನೀರಾಗಿತ್ತು. ನಾನು ಮನೆದೇವರನ್ನು ನೆನೆದು ಬಾಗಿಲು ತೆಗೆದೆ. ಆಕೆ ಚಪ್ಪಲಿ ಬಿಟ್ಟಿರಲಿಲ್ಲ, ಬ್ಯಾಗನ್ನೂ ಕೆಳಗಿಟ್ಟಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಆಕೆಯೇ ಮಾತು ತೆಗೆದರು.

"ಅಕ್ಕಾರ, ಫೋನಿನ್ಯಾಗ ತೋರಿಸಿದ್ದಷ್ಟ ಹೌದಲ್ರಿ? ಒಳಗ ಬಂದ ಮ್ಯಾಲ ಮತ್ತೇನರ ಹೇಳಿದ್ರ ನಮಗ ಆಗಂಗಿಲ್ರಿ. ಹೊರಗ ಇದ್ದಾಗ ಹೇಳಿಬಿಡ್ರಿ."

ದನಿ ನಡುಗುತ್ತಿತ್ತು. ಗಂಡ ತಲೆ ತಗ್ಗಿಸಿ ನಿಂತಿದ್ದರು. ಇಷ್ಟು ದಿನ ನನ್ನ ಭಯವನ್ನೇ ದೊಡ್ಡದೆಂದು ಸಾಕಿಕೊಂಡಿದ್ದೆನಲ್ಲ, ಹೇಳುವವಳಿಗಿಂತ ಕೇಳಿಸಿಕೊಳ್ಳುವವರಿಗೆ ಹೆಚ್ಚು ಹೆದರಿಕೆ ಎಂದು ಹೊಳೆದೇ ಇರಲಿಲ್ಲ. ತುಂಬ ನಾಚಿಕೆಯಾಯಿತು.

"ಅಷ್ಟೇ ಕಣ್ರೀ. ಎಲ್ಲ ಸೇರಿ ಅಷ್ಟೇ. ಬನ್ನಿ ಒಳಗೆ," ಎಂದೆ. ಆಕೆ ಚಪ್ಪಲಿ ಬಿಟ್ಟರು. ಗೀಸರನ್ನು ನಾನೇ ಹೋಗಿ ಹಾಕಿದೆ.

ಅವರು ಊರಿಗೆ ಹೋದ ಮೇಲೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲ ಸೇರಿಸಿ ಆ್ಯಪಿನಲ್ಲಿ ಪೂರ್ತಿ ಬೆಲೆ ಬರೆಸಿದೆ. "ಇಷ್ಟು ನೋಡಿದ್ರೆ ಯಾರು ಬರ್ತಾರೆ?" ಎಂದು ಗೊಣಗಿದರು. ಅವರ ಮಾತು ಸುಳ್ಳಲ್ಲ, ಅಂದಿನಿಂದ ಫೋನು ಸುಮ್ಮನೆ ಬಿದ್ದಿದೆ. ನನಗೂ ದಿಗಿಲೇ. ಮೊದಲು ಯಾರಾದರೂ ಬಂದುಬಿಟ್ಟರೆ ಎಂದು ಹೆದರುತ್ತಿದ್ದವಳು ಈಗ ಯಾರೂ ಬರದಿದ್ದರೆ ಎಂದು ಹೆದರುತ್ತೇನೆ. ಆದರೆ ಈ ಭಯ ಇಟ್ಟುಕೊಂಡು ನಿದ್ದೆ ಮಾಡಬಹುದು.