ಗಾರ್ಡಕ್ಕ ಇವತ್ತು ಮುಂದೆ ಹೋದರು

ಬೆಳಿಗ್ಗೆ ಫೋನ್ ಬಂದಾಗ "ಯಾವ ರೇಣುಕಕ್ಕ?" ಅಂತ ಕೇಳಿದೆ...
ನಮ್ಮ ರೇಣುಕಕ್ಕ ಅಂತ ಹೊಳೆಯಲೇ ಇಲ್ಲ.
ಸಾವಿನ ಸುದ್ದಿಗೂ ಅವರಿಗೂ ಎಲ್ಲಿಯ ಸಂಬಂಧ...

ಡೆಂಗ್ಯೂ ಅಂತೆ. ನಾಲ್ಕೈದು ದಿನದ ಜ್ವರ. ಅಷ್ಟೇ.

ಕಳೆದ ಭಾನುವಾರ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದ್ದರು. "ಸ್ವಲ್ಪ ಮೈ ಕಾದೈತೆ, ಈ ಸಲ ಬರಲ್ಲ. ಮುಂದಿನ ವಾರ ಡಬಲ್ ಓಡ್ತೀನಿ ಬಿಡ್ರಿ."
ಅದು ಇನ್ನೂ ಫೋನಿನಲ್ಲಿದೆ... ಕೇಳುವ ಧೈರ್ಯ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.

ರೇಣುಕಕ್ಕನದು ದಾವಣಗೆರೆಯ ಆನೆಕೊಂಡದಲ್ಲಿ ಟೈಲರಿಂಗ್ ಅಂಗಡಿ. ವಯಸ್ಸು ಐವತ್ತು ದಾಟಿತ್ತು. ನಮ್ಮ ರನ್ನಿಂಗ್ ಟೀಮಿನ ಕ್ಯಾಪ್ಟನ್.

ನಾವು ಓಡುವುದು ಒಂದು ವ್ಯಾನಿಗಾಗಿ. ಸುತ್ತಲ ಹಳ್ಳಿಗಳ ಕಿಡ್ನಿ ರೋಗಿಗಳನ್ನು ಡಯಾಲಿಸಿಸ್‌ಗೆ ದಾವಣಗೆರೆಗೆ ಕರೆತರುವ ವ್ಯಾನು. ವರ್ಷಕ್ಕೊಮ್ಮೆ ನಾವು ಮ್ಯಾರಥಾನ್ ಓಡುತ್ತೇವೆ, ಜನ ದೇಣಿಗೆ ಕೊಡುತ್ತಾರೆ, ವ್ಯಾನು ಓಡುತ್ತದೆ.
ನಾವು ನಿಂತರೆ ಅದೂ ನಿಂತಂತೆ.

ಅದಕ್ಕೇ ಪ್ರತಿ ಭಾನುವಾರ ಬೆಳಿಗ್ಗೆ ಹರಿಹರದವರೆಗೆ ಪ್ರಾಕ್ಟೀಸ್. ತುಂಗಭದ್ರಾ ಸೇತುವೆ ಮುಟ್ಟಿದ ಮೇಲೆ ಪಕ್ಕದ ಹೋಟೆಲಿನಲ್ಲಿ ಬೆಣ್ಣೆ ದೋಸೆ.

ಕ್ಯಾಪ್ಟನ್ ಅಂದರೆ ಮುಂದೆ ಓಡುವವರು ಅಂದುಕೊಂಡಿರಾ...
ಅಕ್ಕ ಯಾವಾಗಲೂ ಕೊನೆಗೆ.

ಓಡಲಾಗದೆ ಅಲ್ಲ ಮತ್ತೆ. ಜಿಮ್ಮಿಗೆ ಹೋಗಿ ತೋಳು ಉಬ್ಬಿಸಿಕೊಂಡು ಬಂದವರಿಗೂ ಬೆವರಿಳಿಸಬಲ್ಲ ಕಾಲು ಅವು. ಆದರೂ ಟೀಮಿನ ಕಟ್ಟಕಡೆಯವರ ಹಿಂದೆಯೇ ಓಡುತ್ತಿದ್ದರು, ಮುಂಗೈಗೆ ಒಂದು ಹಸಿರು ಬ್ಲೌಸ್ ಪೀಸ್ ಕಟ್ಟಿಕೊಂಡು. ರೈಲಿನ ಕೊನೆಯಲ್ಲಿ ಹಸಿರು ಬಾವುಟ ಹಿಡಿದ ಗಾರ್ಡ್ ಇರುತ್ತಾರಲ್ಲ, ಹಾಗೆ.

ಎಲ್ಲರೂ ಸೇತುವೆ ಮುಟ್ಟಿದ ಮೇಲೆ ಅಕ್ಕ ಆ ಹಸಿರು ಬಟ್ಟೆ ಬೀಸಬೇಕು. ಬೀಸುವವರೆಗೂ ಹೋಟೆಲಿನವರು ಕಾವಲಿಗೆ ಹಿಟ್ಟು ಹಾಕುವಂತಿಲ್ಲ.
ಮೊದಲು ಬಂದವರು ಹೊಟ್ಟೆ ಹಿಡಿದುಕೊಂಡು ಗೊಣಗುತ್ತಿದ್ದರು.
"ಕೊನೇರು ಬರೋತನಕ ಯಾರೂ ಮೊದಲು ಬಂದಂಗಲ್ಲ. ಸುಮ್ನೆ ಕೂಡ್ರಿ" ಅನ್ನುತ್ತಿದ್ದರು ಅಕ್ಕ.

ಗಾರ್ಡಕ್ಕ ಅಂತ ಹೆಸರಿಟ್ಟವರು ಆ ದೋಸೆ ಹಾಕುವವರೇ.

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಒಂದು ಮಹಡಿ ಹತ್ತಿದರೆ ಏದುಸಿರು. ಮೊದಲ ಸಲ ಹರಿಹರಕ್ಕೆ ಓಡಿದಾಗ ಅರ್ಧ ದಾರಿಗೇ ರಸ್ತೆ ಪಕ್ಕ ಕುಸಿದು ಕೂತೆ.
"ನೀವು ಹೋಗ್ರಿ ಅಕ್ಕ, ನಾನು ಆಟೋದಾಗ ಬರ್ತೀನಿ" ಅಂದೆ.
"ನಾ ಮುಂದೆ ಹೋದ್ರೆ ಕೊನೆ ಜಾಗ ನಿಂದಾಗ್ತೈತೆ. ಅದು ನಂದು. ಯಾರಿಗೂ ಬಿಟ್ಟುಕೊಡಲ್ಲ. ಏಳು."

ಉಳಿದ ದಾರಿ ನಡೆದುಕೊಂಡೇ ಹೋದೆವು. ಹಸಿದು ಕೂತಿದ್ದವರೆಲ್ಲ ನನ್ನನ್ನು ನುಂಗುವ ಹಾಗೆ ನೋಡಿದರು. ಅಕ್ಕ ಮಾತ್ರ ಏನೂ ಆಗದವರಂತೆ ಬಟ್ಟೆ ಬೀಸಿದರು.

ಅಕ್ಕಾ...
ಇರುವಾಗ ನೀವು ಅನ್ನುತ್ತಿದ್ದೆ. ಇವತ್ತು ನೀನು ಅಂತಲೇ ಬಾಯಿಗೆ ಬರುತ್ತಿದೆ. ಬೈಕೋಬೇಡ.

ನಮ್ಮ ಟೀಶರ್ಟುಗಳಿಗೆಲ್ಲ ಶೇಂಗಾ ಬೆಲ್ಲ ಇಟ್ಟುಕೊಳ್ಳಲು ಜೇಬು ಹೊಲಿದುಕೊಟ್ಟವಳು ನೀನು.
ಹೋದ ವರ್ಷ ಮ್ಯಾರಥಾನಿನಲ್ಲಿ ಫಿನಿಶ್ ಲೈನ್ ಎದುರು ನಿಂತುಬಿಟ್ಟು, ನನ್ನನ್ನು ಮುಂದೆ ತಳ್ಳಿ, ಆಮೇಲೆ ದಾಟಿದವಳು ನೀನು.
ಆಗ ತೆಗೆದ ಫೋಟೋದಲ್ಲಿ ನನ್ನ ಬೆನ್ನ ಮೇಲೆ ನಿನ್ನ ಕೈ ಮಾತ್ರ ಇದೆ...
ನಿನ್ನಂಥ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ ಅಕ್ಕ.

ಕೊನೆ ಜಾಗ ನಂದು ಅನ್ನುತ್ತಿದ್ದವಳು ಇವತ್ತು ಯಾಕೆ ಎಲ್ಲರಿಗಿಂತ ಮುಂದೆ ಹೊರಟೆ?
ಮಧ್ಯಾಹ್ನ ಆನೆಕೊಂಡದ ಬೀದಿಯಲ್ಲಿ ನೀನು ಮುಂದೆ, ನಾವಷ್ಟೂ ಜನ ಹಿಂದೆ.
ಇದೇ ಮೊದಲು.

ಇನ್ನೊಂದು ಮಾತು ಹೇಳದೆ ಇರಲಾರೆ.
ಮನೆ ಮುಂದೆ ಯಾರೋ ಅಂದರು, "ಈ ವಯಸ್ಸಿನಾಗ ಓಡಿ ಓಡಿ ಮೈಯಾಗ ಶಕ್ತಿನೇ ಉಳಿದಿರಲಿಲ್ಲ."
ಸ್ವಾಮಿ, ಕಚ್ಚಿದ್ದು ಸೊಳ್ಳೆ. ನೀನು ಓಡುವವಳೋ ಕೂತು ತಿನ್ನುವವಳೋ ಅಂತ ಕೇಳಿಕೊಂಡು ಅದು ಕಚ್ಚುವುದಿಲ್ಲ.

ಆದರೆ ಊರ ಬಾಯಿ ಮುಚ್ಚಲಾದೀತೇ... ಅಷ್ಟರಲ್ಲೇ ಟೀಮಿನ ಒಂದಿಬ್ಬರು ಹೆಣ್ಣುಮಕ್ಕಳು ಪಿಸುಗುಟ್ಟಿದರು, ಮನೆಯಲ್ಲಿ ಇನ್ನು ಬೇಡ ಅನ್ನುತ್ತಿದ್ದಾರೆ ಅಂತ.
ಮುಂದಿನ ತಿಂಗಳು ಮ್ಯಾರಥಾನ್. ಟೀಮು ಒಡೆದರೆ ವ್ಯಾನು ನಿಲ್ಲುತ್ತದೆ. ಅಕ್ಕ ಕಟ್ಟಿದ್ದೆಲ್ಲ ಅಕ್ಕನ ಜೊತೆಗೇ ಹೋಯಿತು ಅಂತ ಅನ್ನಿಸಿತು ನನಗೆ.

ಮಣ್ಣು ಕೊಡುವ ಹೊತ್ತಿಗೆ ಕುಕ್ಕುವಾಡದಿಂದ ಅದೇ ವ್ಯಾನು ಬಂತು.
ಟೀಮಿನ ಪುಷ್ಪಾಳ ಅತ್ತೆ ಇಳಿದರು. ಅವರೂ ಡಯಾಲಿಸಿಸ್‌ಗೆ ಬರುವವರು. ಸೊಸೆ ಪ್ಯಾಂಟು ಹಾಕಿಕೊಂಡು ರೋಡಿನಲ್ಲಿ ಓಡುವುದು ಅವರಿಗೆ ಮೊದಲಿನಿಂದಲೂ ಆಗದು. ಇವರೂ ಬೇಡ ಅನ್ನಲಿಕ್ಕೇ ಬಂದರೇನೋ ಅಂದುಕೊಂಡೆ.

ಒಂದು ಹಿಡಿ ಮಣ್ಣು ಹಾಕಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ನಮ್ಮ ಹತ್ತಿರ ಬಂದರು.
"ನಮ್ಮ ಪುಷ್ಪಿನ ಕಳಿಸ್ತೀನ್ರಿ. ಆದ್ರೆ ಇನ್ನು ಮ್ಯಾಲೆ ಹಿಂದೆ ಯಾರು ಇರ್ತೀರಿ? ಅದನ್ನ ಹೇಳ್ರಿ."

"ನಾನು ಇರ್ತೀನ್ರಿ, ಅಮ್ಮ" ಅಂದೆ.
ಹೇಗೂ ಕೊನೆಗೇ ಬರುವವಳಲ್ಲವೇ ನಾನು...

ಅಕ್ಕನ ಮಗಳು ಆ ಹಸಿರು ಬಟ್ಟೆ ತಂದು ನನ್ನ ಮುಂಗೈಗೆ ಕಟ್ಟಿದಳು.

ಟೀಮಿನವರೆಲ್ಲ ಭಾನುವಾರ ಎಂದಿನ ಹೊತ್ತಿಗೆ ಬನ್ನಿ. ಹರಿಹರದವರೆಗೆ ಓಡೋಣ. ದೋಸೆಯ ನಿಯಮ ಬದಲಾಗಿಲ್ಲ.

ಗಾರ್ಡಕ್ಕಾ...
ಎಲ್ಲರೂ ಬಂದಿದ್ದೆವು. ಓಡುವವರು, ಓಡುವುದನ್ನು ಬಿಟ್ಟವರು, ವ್ಯಾನಿನಲ್ಲಿ ಬಂದವರು. ಒಬ್ಬರೂ ಹಿಂದೆ ಉಳಿದಿಲ್ಲ. ತಿರುಗಿ ತಿರುಗಿ ನೋಡಿದೆ.

ಹಸಿರು ಬೀಸಿದ್ದೇನೆ.
ಇನ್ನು ನೀನು ಹೊರಡಬಹುದು...

ನಿನ್ನ ಜೀವ ತಣ್ಣಗಿರಲಿ, ಅಕ್ಕ. ಹೋಗಿ ಬಾ.