ಎರಡು ಗಂಟಿನ ದಾರ

ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಳೆಯ ದಾರಕ್ಕೆ ಎರಡು ಗಂಟುಗಳಿವೆ. ಅವಸರದಲ್ಲಿ ನಾನು ಅಂಗಿ ಎಳೆದಾಗಲೆಲ್ಲ ಗುಂಡಿ ಅವುಗಳಲ್ಲೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ನನಗೆ ಅವಸರವಿಲ್ಲದ ದಿನ ಯಾವುದಿದೆ ಹೇಳಿ? ಗಂಟು ಬಿಚ್ಚೋಣವೆಂದರೆ ಹೆಂಡತಿ ಮಾದೇವಮ್ಮ ಬಿಡುವುದಿಲ್ಲ. ಗಾರೆ ಮೇಸ್ತ್ರಿಯಾಗಿದ್ದ ಅವಳಪ್ಪ ಗುಂಡ್ಲುಪೇಟೆಯ ಸುತ್ತ ಎಷ್ಟೋ ಮನೆಗಳ ಪಾಯಕ್ಕೆ ಮೂಲೆಮಟ್ಟ ನೋಡಿದ್ದು, ಅಂದರೆ ಮೂಲೆ ಸರಿಯಾಗಿ ಲಂಬಕೋನವಾಗಿದೆಯೇ ಎಂದು ಅಳೆದದ್ದು, ಆ ದಾರದಿಂದಲೇ.

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮಾದೇವಮ್ಮ ಈ ವರ್ಷ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದಳು. ಹುಡುಗಿಯಾಗಿದ್ದಾಗ ಗಣಿತದಲ್ಲಿ ಎರಡು ಸಲ ಬಿದ್ದವಳು. ಮೂರನೆಯ ಸಲವೂ ಬಿದ್ದರೆ ಪುಸ್ತಕವನ್ನೆಲ್ಲ ಒಲೆಗೆ ಹಾಕುವೆನೆಂದಳು. ಗೊಬ್ಬರದಂಗಡಿಯಲ್ಲಿ ಚೀಲ ಎಣಿಸುವ ನಾನು, ಒಂದಾನೊಂದು ಕಾಲದ ಫಸ್ಟ್ ಕ್ಲಾಸಿನ ಗತ್ತಿನಲ್ಲಿ, ಮೇಷ್ಟ್ರಾದೆ.

ವರ್ಗಮೂಲದ ಚಿಹ್ನೆ ನೋಡಲು ಮನೆಯ ಮಾಡಿನ ಹಾಗಲ್ಲವೇ? ಅದರಡಿ ಎಪ್ಪತ್ತೆರಡು ಕೂತಿದ್ದರೆ ಮೂವತ್ತಾರು ಗುಣಿಸು ಎರಡು ಎಂದು ಬಿಡಿಸಬೇಕು. ಮೂವತ್ತಾರರೊಳಗಿನ ಎರಡು ಆರುಗಳು ಕೈಹಿಡಿದು ಒಂದೇ ಆರಾಗಿ ಹೊಸ್ತಿಲು ದಾಟುತ್ತವೆ. ಜೋಡಿ ಸಿಗದ ಎರಡು ಒಳಗೇ ಉಳಿಯುತ್ತದೆ.

"ಅಯ್ಯೋ ಪಾಪ, ಅದುನ್ನೂ ಆಚ್ಗೆ ಕರ್ಕೊಂಡೋಗ್ಬಾರ್ದಾ?" ಎಂದಳು.

ನನಗೋ ನನ್ನ ಚಿಂತೆಗಳ ನೆನಪಾಯಿತು. ಎಷ್ಟು ಜೋಡಿ ಮಾಡಿ ಹೊರಗಟ್ಟಿದರೂ ಒಂದು ಒಂಟಿಯಾಗಿ ಒಳಗೇ ಕೂತು ಕಣ್ಣು ಪಿಳಿಪಿಳಿ ಬಿಡುತ್ತದೆ. ಆ ತತ್ತ್ವಜ್ಞಾನದ ಗುಂಗಿನಲ್ಲೇ ಇನ್ನೊಂದು ಪಾಠ ಉದುರಿಸಿದೆ: ಮಾಡಿನಡಿ ಒಂಬತ್ತು ಕೂಡಿಸು ಹದಿನಾರು ಇದ್ದರೆ, ಒಂದೊಂದರ ಮೂಲವನ್ನೂ ಬೇರೆಬೇರೆ ತೆಗೆದು ಕೂಡು, ಮೂರೂ ನಾಲ್ಕೂ ಏಳು! ಅವಳು ಹಿತ್ತಲ ದಾರದ ಕಡೆ ನೋಡಿ, ಪುಸ್ತಕದ ಹಾಳೆ ಮಗುಚಿದಳು.

ಗಣಿತದ ದಿನ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋದೆವು. ಅವಳನ್ನು ಒಳಗೆ ಕಳಿಸಿ ಕಾಂಪೌಂಡಿನಾಚೆಯ ಹೊಂಗೆಮರದಡಿ ನಿಂತೆ. ನಿಂತೆ ಎನ್ನುವುದು ಮಾತಿಗೆ, ಮರವನ್ನು ಸುತ್ತಿದೆ. ಮಗಳಿಗಾಗಿ ಕಾಯುತ್ತಿದ್ದ ಒಬ್ಬರು ಕೇಳಿದರು: "ನಿಮ್ದೂ ಮಗ್ಳಾ ಸಾ?"

"ಅಲ್ಲ, ಹೆಂಡ್ತಿ."

"ಓಹೋ! ಫೇಲಾದ್ರೆ ಮಗ್ಳಾದ್ರೆ ಅಳ್ತಾಳೆ, ನಿಮ್ಗೆ ಊಟ ಸಿಕ್ಕಕಿಲ್ಲ. ಕುಂತ್ಕಳಿ ಸಾ, ಮರುಕ್ಕೆ ತಲೆ ಸುತ್ತದೆ."

ಕೂತವನು ಸುಮ್ಮನಿರಲಾರದೆ ಬಸ್ ಟಿಕೆಟ್ಟಿನ ಬೆನ್ನಿಗೆ ಲೆಕ್ಕ ಬರೆದೆ. ಒಂಬತ್ತೂ ಹದಿನಾರೂ ಕೂಡಿದರೆ ಇಪ್ಪತ್ತೈದು. ಅದರ ಮೂಲ ಐದು. ಏಳಲ್ಲ! ಗುಣಿಸಿದ್ದನ್ನು ಮಾಡಿನಡಿಯಿಂದ ಬಿಡಿಬಿಡಿಯಾಗಿ ಹೊರಗೆ ತರಬಹುದು, ಕೂಡಿಸಿದ್ದನ್ನು ಹಾಗೆ ತರಲಾಗದು ಎಂಬ ಮೊದಲ ಪಾಠವೇ ನನಗೆ ಮರೆತಿತ್ತು. ಕಿಟಕಿಯತ್ತ ಕೂಗೋಣವೆಂದರೆ ಗೇಟಿನಲ್ಲಿ ಪೊಲೀಸರು. ಅವಳ ಮೂರನೆಯ ಸೋಲಿಗೆ ನಾನೇ ಮೂಲ ಎಂದುಕೊಳ್ಳುತ್ತ ಎದ್ದು ಮತ್ತೆ ಮರ ಸುತ್ತತೊಡಗಿದೆ.

ಅವಳು ಬಂದ ಕೂಡಲೇ ಕೇಳಿದೆ: "ಒಂಬತ್ತು ಹದಿನಾರರ ಲೆಕ್ಕ ಬಂದಿತ್ತಾ?"

"ಬಂದಿತ್ತು. ಐದು ಅಂತ ಬರ್ದೆ."

"ನಾನು ಏಳು ಅಂದಿದ್ದೆನಲ್ಲೇ!"

"ಮೂಲೆಯಿಂದ ಇತ್ಲಾಗ್ ಮೂರಡಿಗೊಂದ್ ಗಂಟು, ಅತ್ಲಾಗ್ ನಾಕಡಿಗೊಂದ್ ಗಂಟು ಹಿಡುದ್ರೆ ಅಡ್ಡುಕ್ಕೆ ಐದೇ ಬರ್ಬೇಕು. ನಮ್ಮಪ್ಪನ್ ಜೊತೆ ಆ ದಾರ ಹಿಡಿದೂ ಹಿಡಿದೂ ನನ್ ಕೈ ಸವ್ದೋಗದೆ ಕಣ್ರೀ. ನಿಮ್ ಏಳು ನಂಬಿದ್ರೆ ನಮ್ಮೂರಲ್ ಒಂದ್ ಗ್ವಾಡೆ ನಿಲ್ತಿರ್ನಿಲ್ಲ."

"ಅವತ್ತೇ ಹೇಳಬಾರದಿತ್ತೇ?"

"ಅಷ್ಟ್ ಚೆಂದಾಗ್ ಯೋಳ್ಕೊಡ್ತಿದ್ರಿ. ಯಾಕ್ ಮನ್ಸು ಮುರಿಯದು ಅಂತ ಸುಮ್ಕಾದೆ ಬುಡಿ."

ಪಾಸಾದಳು. ಒಂದು ದಿನ ನೆಮ್ಮದಿಯಾಗಿದ್ದೆ. ಮರುದಿನವೇ ಪಿಯುಸಿಗೂ ಕಟ್ಟುವೆನೆಂದಳು. "ನೀವು ಯೋಳ್ಕೊಡದು ಬ್ಯಾಡ, ಪಕ್ಕುದಲ್ ಕುಂತಿರಿ ಸಾಕು" ಎಂಬ ಷರತ್ತೂ ಹಾಕಿದಳು. ಒಳಗಿನ ಒಂಟಿ ಎರಡು ಮತ್ತೆ ಕಣ್ಣು ಬಿಟ್ಟಿದೆ.

ಇವತ್ತು ಬೆಳಗ್ಗೆ ಅಂಗಿ ತೆಗೆಯುವಾಗ ಗುಂಡಿ ಅದೇ ಗಂಟಿಗೆ ಸಿಕ್ಕಿತು. ಅಂಗಡಿಗೆ ಹೊತ್ತಾಗಿತ್ತು. ಆದರೂ ನಿಂತು, ಎರಡೂ ಕೈ ಹಾಕಿ, ಮೆಲ್ಲಗೆ ಬಿಡಿಸಿದೆ, ಗುಂಡಿಯನ್ನು.